ಸುಲ್ತಾನ್ ಬತ್ತೇರಿಯಲ್ಲಿ ನಿಂತು ಜೈಲು ಸಿನಿಮಾಗಳ ಮಾತು

ಈಗ ನೀವು ನೋಡುತ್ತಿರುವುದು ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿ. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಈ ಕಾವಲು ಬುರುಜು ಸೆರೆಮನೆಯಲ್ಲ. ಆದರೂ ದಪ್ಪ ಕಪ್ಪುಕಲ್ಲಿನ ಗೋಡೆಯ ಈ ಕಿಂಡಿಗೆ ಕ್ಯಾಮೆರಾ ಹಿಡಿದರೆ, ಸುತ್ತ ಕತ್ತಲು, ನಡುವೆ ಒಂದು ಚೂರು ನದಿ. ಜೈಲು ಸಿನಿಮಾಗಳ ಹಳೆಯ ಚೌಕಟ್ಟು ತಾನಾಗಿಯೇ ಸಿಗುತ್ತದೆ.

ಆ ಸಿನಿಮಾಗಳ ಸಿದ್ಧಸೂತ್ರ ನಿಮಗೂ ಬಾಯಿಪಾಠವಾಗಿರುತ್ತದೆ. ಹೊಸ ಕೈದಿ ಬರುತ್ತಾನೆ, ಹೆಸರು ಹೋಗಿ ನಂಬರು ಬರುತ್ತದೆ, ಊಟದ ಸಾಲಿನಲ್ಲಿ ಜಗಳವಾಗುತ್ತದೆ, ಅವನನ್ನು ಒಂಟಿ ಕೋಣೆಗೆ ತಳ್ಳುತ್ತಾರೆ. ಇವುಗಳಲ್ಲಿ ನನಗೆ ಸ್ವಲ್ಪವೂ ಸಹಿಸಲಾಗದ್ದು ಕ್ರೂರ ಜೈಲರನ ಪಾತ್ರ; ಏಕೆಂದರೆ ಒಬ್ಬನನ್ನು ದುಷ್ಟನನ್ನಾಗಿ ಮಾಡಿದ ಕೂಡಲೇ ಜೈಲಿನ ಕುರಿತ ಪ್ರಶ್ನೆಗಳೆಲ್ಲ ಅವನ ತಲೆಗೆ ಕಟ್ಟಲ್ಪಟ್ಟು, ಅವನು ಸೋತ ದಿನವೇ ಮುಗಿದುಹೋಗುತ್ತವೆ. ವಿ. ಶಾಂತಾರಾಮ್ ಅವರು 1957ರಲ್ಲೇ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರದಲ್ಲಿ ಇದನ್ನು ತಲೆಕೆಳಗು ಮಾಡಿದ್ದರು. ಅಲ್ಲಿ ಜೈಲರೇ ಆರು ಮಂದಿ ಕೊಲೆಗಾರರನ್ನು ಹೊಲಕ್ಕೆ ಕರೆದೊಯ್ಯುತ್ತಾನೆ. ಗೋಡೆಯೇ ಇಲ್ಲದಿರುವಾಗ ಅವರು ಓಡದೆ ಉಳಿಯುತ್ತಾರೆಯೇ ಎಂಬುದೇ ನಮ್ಮನ್ನು ಹಿಡಿದು ಕೂರಿಸುತ್ತದೆ.

ಬುದ್ಧಿ ಹೇಳುವ ಮುದಿ ಕೈದಿಯ ಪಾತ್ರವೂ ಸವೆದಿದೆ, ಅದನ್ನು ಕೈಬಿಡಬೇಕು. ಇಲ್ಲ, ಪೂರ್ತಿ ಕೈಬಿಡುವುದು ಬೇಡ. 1994ರ ‘ದಿ ಶಾಶಾಂಕ್ ರಿಡೆಂಪ್ಷನ್’ನ ಬ್ರೂಕ್ಸ್ ಐವತ್ತು ವರ್ಷ ಒಳಗಿದ್ದು ಬಿಡುಗಡೆಯಾದ ಮೇಲೆ ಹೊರಗೆ ಬದುಕಲಾರದೆ ಹೋಗುವುದನ್ನು ನೋಡಿದರೆ, ಆ ಪಾತ್ರ ಏಕೆ ಬೇಕೆಂದು ತಿಳಿಯುತ್ತದೆ.

ಇನ್ನು ರಾಬರ್ಟ್ ಬ್ರೆಸೋನ್ ಅವರ 1956ರ ಚಿತ್ರ ‘ಎ ಮ್ಯಾನ್ ಎಸ್ಕೇಪ್ಡ್’. ಲಿಯೋನಿನ ಮೋನ್‌ಲುಕ್ ಸೆರೆಮನೆಯಿಂದ 1943ರಲ್ಲಿ ಪಾರಾದ ಆಂದ್ರೆ ದೆವಿನ್ಯಿಯ ಅನುಭವ ಅದರ ಆಧಾರ. ಇದನ್ನು 120 ರೂಪಾಯಿ ಬಾಡಿಗೆ ಕೊಟ್ಟು ಆನ್‌ಲೈನ್‌ನಲ್ಲಿ ನೋಡಿದೆ. ಸಬ್‌ಟೈಟಲ್ ಮೊದಲಿನಿಂದ ಕೊನೆಯವರೆಗೂ ತಡವಾಗಿಯೇ ಬಂತು. ಬೇರೆ ಯಾವ ಸಿನಿಮಾವಾದರೂ ಸಹಿಸಿಕೊಳ್ಳುತ್ತಿದ್ದೆ. ಚಮಚದ ತುದಿಯಿಂದ ಬಾಗಿಲಿನ ಹಲಗೆ ಕೆರೆಯುವ ಸದ್ದು, ಬೀಗದ ಕೈ, ಮೆಟ್ಟಿಲ ಮೇಲಿನ ಹೆಜ್ಜೆ, ಇವುಗಳಿಂದಲೇ ಕಟ್ಟಿದ ಚಿತ್ರವದು. ಕೊನೆಯ ರಾತ್ರಿ ಗೋಡೆಗಳ ನಡುವಿನಿಂದ ಏನೋ ಕಿರುಗುಡುತ್ತದೆ; ಅದು ಕಾವಲುಗಾರನ ಸೈಕಲ್ ಎಂಬುದು ತಿಳಿಯುವುದು ಆಮೇಲೆ. ನಾನೋ ಆಗಲೇ ಮುಗಿದ ಮಾತನ್ನು ಓದುತ್ತ ಕುಳಿತಿದ್ದರಿಂದ ಆ ಸದ್ದು ಕಿವಿಗೆ ಬಿದ್ದರೂ ಮನಸ್ಸಿಗೆ ಬೀಳಲಿಲ್ಲ. ದೂರು ಬರೆದರೆ ‘ಆ್ಯಪ್ ಮುಚ್ಚಿ ತೆರೆಯಿರಿ’ ಎಂಬ ಉತ್ತರ ಬಂತು. ಕೈದಿ ದಿನಗಟ್ಟಲೆ ಸದ್ದಿಗೆ ಕಿವಿಗೊಟ್ಟು ಬದುಕುವುದನ್ನು ತೋರಿಸುವ ಚಿತ್ರದಲ್ಲಿ ಕೇಳುವುದನ್ನೇ ಕೆಡಿಸಿ, ಹಣ ತೆಗೆದುಕೊಳ್ಳುವುದು ಅನ್ಯಾಯ.

ತಪ್ಪಿಸಿಕೊಳ್ಳುವ ರೋಮಾಂಚನಕ್ಕಿಂತ ಅದಕ್ಕಾಗಿ ನಡೆಯುವ ದುಡಿಮೆಯನ್ನು ತೋರಿಸುವ ಚಿತ್ರವೇ ನನಗೆ ದೊಡ್ಡದು. ಶಂಕರ್ ನಾಗ್ ನಿರ್ದೇಶಿಸಿದ ‘ಮಿಂಚಿನ ಓಟ’ದ ಬಗ್ಗೆ, 1980ರ ಆ ಚಿತ್ರದ ಕೈದಿಗಳ ಬಗ್ಗೆ ಹೇಳುವುದು ಬಹಳವಿದೆ. ಆದರೆ ತಣ್ಣೀರುಬಾವಿಯ ದೋಣಿ ದಡಕ್ಕೆ ಬಂದೇಬಿಟ್ಟಿತು, ಅದಕ್ಕೆ ಬೇರೆಯೇ ವಿಡಿಯೊ ಮಾಡುತ್ತೇನೆ. ಅಷ್ಟರಲ್ಲಿ ನೀವು ಜಾಕ್ ಬೆಕರ್ ಅವರ 1960ರ ‘ಲ ತ್ರೂ’ ನೋಡಿ. ಜೈಲಿನಿಂದ ಪಾರಾಗಲು ಸುರಂಗ ಕೊರೆಯುವ ಕೈದಿಗಳ ಕಥೆ ಅದು. ನಿಜವಾಗಿ ಆ ಸುರಂಗ ಕೊರೆದವರಲ್ಲಿ ಒಬ್ಬರು ಅದರಲ್ಲಿ ನಟಿಸಿದ್ದಾರೆ, ನೆಲ ಒಡೆಯುವ ದೃಶ್ಯವನ್ನು ಮಾತ್ರ ಓಡಿಸದೆ ನೋಡಿ.