ಗಮ್ಮತ್ತು ಎಷ್ಟು ಅಡಿವರೆಗೆ? ಸ್ಕೈಡೈವಿಂಗ್ ಲೈಸೆನ್ಸ್ ಸಿಕ್ಕಿದ ಮೇಲಿನ ಮಾತು

[ಮಲ್ಪೆ ಬಂದರು, ಬೆಳಿಗ್ಗೆ ಏಳು ಗಂಟೆ. ಬೋಟುಗಳ ಮೇಲೆ ಬಾವುಟ ಹಾರ್ತಾ ಉಂಟು.]

ನಮಸ್ಕಾರ ಎಲ್ರಿಗೂ. ಇವತ್ತು ಮಲ್ಪೆಯಿಂದ ಮಾತಾಡ್ತಾ ಇದ್ದೇನೆ, ಹಿಂದೆ ಮೀನು ಇಳಿಸುವ ಗಲಾಟೆ ಕೇಳ್ತದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ನನ್ನ ಚಿಕ್ಕಮ್ಮನ ಮಗ ಒಬ್ಬ ಇದ್ದಾನೆ, ಮಣಿಪಾಲದಲ್ಲಿ ಇಂಜಿನಿಯರಿಂಗ್, ಹೋದ ರಜೆಯಲ್ಲಿ ಥೈಲ್ಯಾಂಡಿಗೆ ಹೋಗಿ ಸ್ಕೈಡೈವಿಂಗ್‌ನ ಎ ಲೈಸೆನ್ಸ್ ಮುಗಿಸಿ ಬಂದ. ಮನೆಗೆ ಬಂದವ್ನು ಮೊದ್ಲು ಹೇಳಿದ್ದೇ, "ಅಕ್ಕಾ, ಕ್ಲಾಸೆಲ್ಲ ಮುಗೀತು, ಇನ್ನು ಬರೀ ಗಮ್ಮತ್ತು ಅಲ್ವಾ?" ಅಂತ. ನಾನು ಆಗ ಹೌದು ಅಂತ್ಲೂ ಹೇಳ್ಲಿಲ್ಲ, ಅಲ್ಲ ಅಂತ್ಲೂ ಹೇಳ್ಲಿಲ್ಲ, ಎರಡು ದಿನ ಅದೇ ತಲೆಯಲ್ಲಿ ತಿರುಗ್ತಾ ಇತ್ತು, ಹಾಗಾಗಿ ಈ ವಿಡಿಯೋ. ಅವ್ನಿಗೂ, ಅವ್ನ ಹಾಗೆ ಈಗಷ್ಟೇ ಲೈಸೆನ್ಸ್ ಸಿಕ್ಕಿದ ಎಲ್ಲರಿಗೂ.

ಗೊತ್ತಿಲ್ಲದವ್ರಿಗೆ ಒಂದು ನಿಮಿಷದಲ್ಲಿ ಹೇಳಿಬಿಡ್ತೇನೆ. ಇಲ್ಲಿ ಮಲ್ಪೆ ಬೀಚಲ್ಲಿ ಬೋಟಿಗೆ ಹಗ್ಗ ಕಟ್ಟಿ ಮೇಲೆ ಹಾರಿಸ್ತಾರಲ್ಲ, ಅದು ಪ್ಯಾರಾಸೇಲಿಂಗ್, ಅದು ಬೇರೆ. ಸ್ಕೈಡೈವಿಂಗ್ ಅಂದ್ರೆ ಸುಮಾರು 13,000 ಅಡಿ ಎತ್ತರದಲ್ಲಿ ವಿಮಾನದಿಂದ ಹಾರುದು, ಸ್ವಲ್ಪ ಹೊತ್ತು ಪ್ಯಾರಾಚೂಟ್ ತೆರೆಯದೆ ಬೀಳುದು, ಆಮೇಲೆ ತೆರೆದು ತಾನೇ ಓಡಿಸ್ಕೊಂಡು ಬಂದು ಇಳಿಯುದು. ಟ್ಯಾಂಡಮ್ ಅಂತ ಮಾಡ್ತಾರಲ್ಲ, ಹಿಂದೆ ಇನ್‌ಸ್ಟ್ರಕ್ಟರ್ ಕಟ್ಕೊಂಡಿರ್ತಾರೆ, ಅದ್ರಲ್ಲಿ ನೀವು ಪ್ಯಾಸೆಂಜರ್. ಒಬ್ಬರೇ ಹಾರ್ಲಿಕ್ಕೆ ಕೋರ್ಸ್ ಉಂಟು, ಅಮೆರಿಕದ ಸ್ಕೈಡೈವಿಂಗ್ ಸಂಘ ಯುಎಸ್‌ಪಿಎ ಕೊಡುವ ಎ ಲೈಸೆನ್ಸಿಗೆ ಕಡಿಮೆ ಅಂದ್ರೂ 25 ಜಂಪ್ ಆಗ್ಬೇಕು. ನಾನು ದುಬೈಯಲ್ಲಿ ಕೆಲಸಕ್ಕಿದ್ದಾಗ ಕಲ್ತದ್ದು, ಈಗ ಊರಿಗೆ ಬಂದ ಮೇಲೆ ವರ್ಷಕ್ಕೆ ಒಂದೋ ಎರಡೋ ಸಲ ಹೋಗುದು ಅಷ್ಟೆ.

ಈಗ ವಿಷಯಕ್ಕೆ ಬರುವ. 25 ಜಂಪ್‌ವರೆಗೆ ಪ್ರತಿಯೊಂದಕ್ಕೂ ಯಾರೋ ಪ್ಲಾನ್ ಬರೆದು ಕೊಟ್ಟಿರ್ತಾರೆ, ಇಂಥ ತಿರುವು ಮಾಡು, ಇಷ್ಟು ಎತ್ತರದಲ್ಲಿ ಕೈ ಬೀಸಿ ಸಿಗ್ನಲ್ ಕೊಡು, ಇಷ್ಟಕ್ಕೆ ಓಪನ್ ಮಾಡು ಅಂತ. 26ನೇ ಜಂಪಿಗೆ ಯಾರೂ ಎಂತದ್ದೂ ಹೇಳುದಿಲ್ಲ. ಅದಕ್ಕೆ ಹೆಸರೇ ಫನ್ ಜಂಪ್. ಅಲ್ಲಿಂದ್ಲೇ ಗೊಂದಲ ಶುರುವಾಗುದು.

ನನ್ನದೇ ಒಂದು ಘಟನೆ ಹೇಳ್ತೇನೆ. ಆಗ ನಂಗೆ ನಲ್ವತ್ತು ಚಿಲ್ಲರೆ ಜಂಪ್ ಆಗಿತ್ತು. ಒಂದು ಸಂಜೆ, ಕೊನೇ ಲೋಡು, ಅಂದ್ರೆ ಆ ದಿನದ ಕೊನೇ ವಿಮಾನ, ಐದು ಜನ ಒಟ್ಟಿಗೆ ಹಾರುವ ಅಂತ ಆಯ್ತು, ಎಂತ ಮಾಡುದು ಅಂತ ಕೇಳಿದ್ರೆ "ಅಲ್ಲಿ ಹೋಗಿ ನೋಡುವ" ಅಂತ. ಹಾರಿದ್ವು. ಒಬ್ಬ ಮೇಲೆ, ಇಬ್ರು ಕೆಳಗೆ, ನಾನು ಒಬ್ಳ ಕೈ ಹಿಡಿಲಿಕ್ಕೆ ಹೋದೆ, ಅವ್ಳು ತಪ್ಪಿಸ್ಕೊಂಡ್ಳು, ಮತ್ತೆ ಹೋದೆ, ಇಬ್ರೂ ನಗ್ತಾ ಇದ್ದೇವೆ, ಕೆಳಗೆ ಸೂರ್ಯ ಮುಳುಗ್ತಾ ಉಂಟು, ಎಷ್ಟು ಚಂದ ಅಂದ್ರೆ ಇವತ್ತಿಗೂ ಕಣ್ಣಲ್ಲಿ ಉಂಟು. ಆಮೇಲೆ ಕೈಯಲ್ಲಿದ್ದ ಅಲ್ಟಿಮೀಟರ್, ಅಂದ್ರೆ ಎತ್ತರ ತೋರಿಸುವ ಮೀಟರ್ ನೋಡಿದೆ. 3,600 ಅಡಿ. ನಾವು 5,500ಕ್ಕೆ ಬೇರೆ ಬೇರೆ ಆಗ್ಬೇಕಿತ್ತು, 4,000ಕ್ಕೆ ಓಪನ್ ಮಾಡ್ಬೇಕಿತ್ತು. ತಿರುಗಿ ದೂರ ಹೋಗ್ಲಿಕ್ಕೆ ನೋಡಿದ್ರೆ ನಾನು ಹೋಗುವ ದಿಕ್ಕಲ್ಲೇ ಇನ್ನೊಬ್ಬ ಇದ್ದಾನೆ. ಮತ್ತೆ ದಿಕ್ಕು ಬದಲಿಸಿ ಪೈಲಟ್ ಚೂಟ್, ಅಂದ್ರೆ ದೊಡ್ಡ ಪ್ಯಾರಾಚೂಟನ್ನು ಎಳೆದು ತರುವ ಆ ಸಣ್ಣದ್ದು, ಅದನ್ನು ಎಸೆಯುವಾಗ 2,700. ಎ ಲೈಸೆನ್ಸಿನವ್ರಿಗೆ 3,000 ಅಡಿಗಿಂತ ಕೆಳಗೆ ಹೋಗಿ ತೆರೆಯುವ ಹಾಗೇ ಇಲ್ಲ.

ಎಂತ ಆಗ್ಲಿಲ್ಲ. ಐದೂ ಜನ ಸರಿ ಇಳಿದ್ವು. ಆದ್ರೆ ಪ್ಯಾಕ್ ಮಾಡುವಾಗ ಅಲ್ಲಿನ ಹಿರಿಯರೊಬ್ರು ಹತ್ರ ಬಂದು ಮೆಲ್ಲ ಕೇಳಿದ್ರು, "ಆ ಜಂಪಲ್ಲಿ ನೀನು ಎಂತ ಕಲ್ತೆ?" ಅಂತ. ಬೈದದ್ದಲ್ಲ, ನಿಜವಾಗಿ ಕೇಳಿದ್ದು. ನನ್ನ ಹತ್ರ ಉತ್ತರ ಇರ್ಲಿಲ್ಲ. ಎಷ್ಟು ಸಲ ಕೈ ಹಿಡಿದದ್ದು, ಯಾರು ಯಾವ ಕಡೆ ಇದ್ರು, ಒಂದೂ ನೆನಪಿಲ್ಲ.

[ಕೈಯಲ್ಲಿ ಅಲ್ಟಿಮೀಟರ್ ಹಿಡಿದು ತೋರಿಸುದು]

ಇದ್ರ ಲೆಕ್ಕ ನೋಡಿ, ಆಗ ಅರ್ಥ ಆಗ್ತದೆ. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ವೇಗ ಗಂಟೆಗೆ ಸುಮಾರು 190ರಿಂದ 200 ಕಿಲೋಮೀಟರ್. ಮೊದಲ 1,000 ಅಡಿಗೆ ಹತ್ತು ಸೆಕೆಂಡ್ ಹೋಗ್ತದೆ, ಯಾಕಂದ್ರೆ ವೇಗ ಇನ್ನೂ ಏರ್ತಾ ಇರ್ತದೆ, ಆಮೇಲೆ ಪ್ರತಿ 1,000 ಅಡಿಗೆ ಐದೂವರೆ ಸೆಕೆಂಡ್. ಅಂದ್ರೆ 13,000ದಿಂದ 5,500ಕ್ಕೆ ಬರ್ಲಿಕ್ಕೆ 45 ಸೆಕೆಂಡ್ ಚಿಲ್ಲರೆ. ನಿಮ್ಮ ಆಟಕ್ಕೆ ಇರುದು ಅಷ್ಟೇ ಹೊತ್ತು. 4,000 ಅಡಿಯಲ್ಲಿದ್ದೀರಿ, ಪ್ಯಾರಾಚೂಟ್ ತೆರಿಲಿಲ್ಲ ಅಂತಾದ್ರೆ ನೆಲಕ್ಕೆ 22 ಸೆಕೆಂಡ್. ಬೆನ್ನಲ್ಲಿ ರಿಸರ್ವ್, ಅಂದ್ರೆ ಎರಡನೇ ಪ್ಯಾರಾಚೂಟ್ ಉಂಟು, ನೀವು ಏನೂ ಮಾಡದಿದ್ರೂ ತನ್ನಷ್ಟಕ್ಕೆ ರಿಸರ್ವ್ ತೆರೆಯುವ ಎಎಡಿ ಅನ್ನುವ ಸಣ್ಣ ಯಂತ್ರ ಉಂಟು, ಅದು ಸಾಮಾನ್ಯವಾಗಿ ಕೆಲಸ ಶುರು ಮಾಡುದು 750 ಅಡಿಯಲ್ಲಿ. 750 ಅಡಿ ಅಂದ್ರೆ ನಾಲ್ಕು ಸೆಕೆಂಡ್, ನಾನು ಈ ವಾಕ್ಯ ಹೇಳಿ ಮುಗಿಸುವಷ್ಟು ಹೊತ್ತು.

ಹಾಗಾಗಿ ನಾನು ಚಿಕ್ಕಮ್ಮನ ಮಗನಿಗೆ ಹೇಳಿದ್ದು ಇದು: ಗಮ್ಮತ್ತು ಬೇಕು, ಆದ್ರೆ ಗಮ್ಮತ್ತಿಗೆ ಒಂದು ಎತ್ತರ ಉಂಟು. ಬ್ರೇಕ್ ಆಫ್ ಅಂತ ಹೇಳ್ತೇವೆ, ಎಲ್ಲರೂ ಬೇರೆಯಾಗುವ ಎತ್ತರ. ಅದಕ್ಕಿಂತ ಮೇಲೆ ಉಲ್ಟಾ ಆಗು, ಕೂತ್ಕೋ, ಪಲ್ಟಿ ಹೊಡಿ, ನಗು. ಅದು ಬಂತು ಅಂದ್ರೆ ಎದುರಿಗೆ ಎಷ್ಟೇ ಚಂದದ್ದು ನಡೀತಾ ಇದ್ರೂ ಬಿಟ್ಟು ತಿರುಗ್ಬೇಕು. ಐದು ಜನರವರೆಗಿನ ಗುಂಪಾದ್ರೆ ತೆರೆಯುವ ಎತ್ತರಕ್ಕಿಂತ ಕಡಿಮೆ ಅಂದ್ರೆ 1,500 ಅಡಿ ಮೇಲೆ, ಆರು ಜನ ಮತ್ತೆ ಜಾಸ್ತಿ ಆದ್ರೆ 2,000 ಅಡಿ ಮೇಲೆ. ಇದು ವಿಮಾನ ಹತ್ತುವ ಮೊದ್ಲು ಬಾಯಿಬಿಟ್ಟು ಮಾತಾಡಿ ಆಗಿರ್ಬೇಕು.

ಆದ್ರೆ ಕಥೆ ಅಲ್ಲಿಗೆ ಮುಗೀಲಿಲ್ಲ, ಮತ್ತೆ ನಾನು ಇನ್ನೊಂದು ತಪ್ಪು ಮಾಡಿದೆ. ಆ ಘಟನೆ ಆದ ಮೇಲೆ ಹೆದರಿಕೆಯಲ್ಲಿ ಪೂರಾ ಸೀರಿಯಸ್ ಆಗ್ಬಿಟ್ಟೆ. ಒಂದು ಇಡೀ ಸೀಸನ್ ಬರೀ ಡ್ರಿಲ್ಲು, ಪ್ರತಿ ಜಂಪಿಗೂ ನೋಟ್‌ಬುಕ್, ಎಡಕ್ಕೆ ತೊಂಬತ್ತು ಡಿಗ್ರಿ, ಬಲಕ್ಕೆ ತೊಂಬತ್ತು ಡಿಗ್ರಿ, ಮುಂದೆ ಹೋಗು, ನಿಲ್ಲು. ಮೈಯೆಲ್ಲ ಬಿಗಿ. ಬಿಗಿಯಾದ ಮೈ ಗಾಳಿಯಲ್ಲಿ ನಿಲ್ಲುದೇ ಇಲ್ಲ. ಕಾರಣ ಉಂಟು, ಹೇಳ್ತೇನೆ. ಮೈ ಸಡಿಲ ಇದ್ರೆ ಸೊಂಟ ಕೆಳಗೆ, ಕೈಕಾಲು ಮೇಲೆ, ಬಿಲ್ಲಿನ ಹಾಗೆ ಬಾಗ್ತದೆ, ಗಾಳಿ ಎಲ್ಲಾ ಕಡೆಯಿಂದ ಒಂದೇ ರೀತಿ ಜಾರಿ ಹೋಗ್ತದೆ. ಕಾಲು ಸೆಟೆದು, ಒಂದು ಭುಜ ಚೂರು ಬಿಗಿಯಾಗಿದ್ರೂ ಆ ಬದಿಗೆ ಗಾಳಿ ಬೇರೆ ಥರ ಬಡಿದು ಮೈ ತಿರುಗ್ಲಿಕ್ಕೆ ಶುರು ಮಾಡ್ತದೆ, ನೀವು ಅದನ್ನು ತಡೀಲಿಕ್ಕೆ ಇನ್ನೂ ಬಿಗಿಯಾಗ್ತೀರಿ, ಅದು ಇನ್ನೂ ಅಲುಗಾಡ್ತದೆ. ಅದಕ್ಕೇ ಕೋರ್ಸಲ್ಲಿ ಬೀಳ್ತಾ ಇರುವಾಗ ಇನ್‌ಸ್ಟ್ರಕ್ಟರ್ ಎದುರಿಗೆ ಬಂದು ಕೈ ಅಲ್ಲಾಡಿಸಿ ರಿಲ್ಯಾಕ್ಸ್ ಅಂತ ಸಿಗ್ನಲ್ ಕೊಡುದು, ಆಮೇಲೆ ಅವ್ರೇ ನಗುದು, ನೀವೂ ನಗ್ಲಿ ಅಂತ. ನಗುವಾಗ ಉಸಿರು ಹೊರಗೆ ಹೋಗ್ತದೆ, ಭುಜ ಇಳೀತದೆ. ಅಂದ್ರೆ ಖುಷಿ ಅನ್ನುದು ಇಲ್ಲಿ ಟೆಕ್ನಿಕ್‌ನ ಒಂದು ಭಾಗ, ಮಾರಾಯ್ರೆ. ಆ ಸೀಸನ್ ಮುಗಿಯುವಾಗ ನನ್ನ ಹಾರಾಟ ಶುರುವಿಗಿಂತ ಕಚ್ಚಾ ಆಗಿತ್ತು.

ನಮ್ಮ ಯಕ್ಷಗಾನದವ್ರಿಗೆ ಇದು ಹಳೇ ಕಾಲದಿಂದ್ಲೂ ಗೊತ್ತು. ರಾತ್ರಿ ಪೂರ್ವರಂಗದಲ್ಲಿ ಕೋಡಂಗಿ ವೇಷ ಬರ್ತದೆ ನೋಡಿ, ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ್ರು ಮಾಡುದು ಅದನ್ನೇ. ಕುಣೀತಾರೆ, ಕುಶಾಲು ಮಾಡ್ತಾರೆ, ಜನ ಇನ್ನೂ ಚಾಪೆ ಹಾಸ್ತಾ ಕಡ್ಲೆ ತಿನ್ತಾ ಇರ್ತಾರೆ, ಯಾರೂ ತಪ್ಪು ಹಿಡಿಲಿಕ್ಕೆ ಬರುದಿಲ್ಲ. ಆದ್ರೆ ಹಿಂದೆ ಭಾಗವತರ ತಾಳ ನಿಜದ್ದೇ, ಚೆಂಡೆ ನಿಜದ್ದೇ. ಆಟ ಆಡ್ತಾ ಆಡ್ತಾ ಕಾಲು ತಾಳಕ್ಕೆ ಕೂರ್ತದೆ. ಅಲ್ಲಿಂದ ಬಾಲಗೋಪಾಲ, ಸ್ತ್ರೀವೇಷ ಅಂತ ಮುಂದೆ ಹೋಗುದು. ಆ ಕೋಡಂಗಿಯ ಜಾಗ ನಮ್ಮ ಜಂಪಲ್ಲೂ ಬೇಕು, ತಾಳ ಇರುವ ಆಟ.

ಉದಾಹರಣೆಗೆ, ಮುಂದೆ ಒಬ್ಬ ಹೋಗುದು, ಹಿಂದಿನವ್ರು ಅವ್ನು ಮಾಡಿದ್ದನ್ನೇ ಮಾಡುದು, ಅವ್ನು ಪಲ್ಟಿ ಹೊಡೆದ್ರೆ ಇವ್ರೂ ಪಲ್ಟಿ. ಮಕ್ಕಳ ರೈಲಾಟದ ಹಾಗೆ ಕಾಣ್ತದೆ, ಆದ್ರೆ ಮುಂದಿನವ್ನ ವೇಗಕ್ಕೆ ನಿಮ್ಮ ವೇಗ ಹೊಂದಿಸುದು ಅಂದ್ರೆ ಸ್ಕೈಡೈವಿಂಗ್‌ನ ಅತಿ ಕಷ್ಟದ ಕೆಲಸ. ದಪ್ಪ ಇರುವವ್ರು ಬೇಗ ಬೀಳ್ತಾರೆ, ತೆಳ್ಳಗಿನವ್ರು ತಡವಾಗಿ, ಅದನ್ನು ಮೈ ಅಗಲ ಮಾಡಿ ಅಥವಾ ಬಾಗಿಸಿ ಸರಿ ಮಾಡ್ಬೇಕು. ಇನ್ನೊಂದು, ನಾಲ್ಕು ಜನ ಸೇರಿ ಕೈ ಹಿಡಿದು ವೃತ್ತ ಮಾಡುದು, ಬಿಡುದು, ಮತ್ತೆ ಹಿಡಿಯುದು, ಎಷ್ಟು ಸಲ ಆಗ್ತದೆ ಅಂತ ಲೆಕ್ಕ. ಸ್ಪರ್ಧೆಯಲ್ಲಿ ನಾಲ್ಕು ಜನರ ಫಾರ್ಮೇಶನ್‌ಗೆ 35 ಸೆಕೆಂಡ್ ಕೊಡ್ತಾರೆ, ಗಟ್ಟಿ ಟೀಮುಗಳು ಅಷ್ಟರೊಳಗೆ 20ಕ್ಕಿಂತ ಜಾಸ್ತಿ ಆಕಾರ ಮಾಡ್ತಾವೆ. ನಾವು ಮೊದ್ಲ ಸಲ ಮಾಡಿದ್ದು ಮೂರು. ಮೂರಕ್ಕೇ ಕೆಳಗೆ ಬಂದು ಅಪ್ಪಿಕೊಂಡು ಕುಣಿದ್ವು.

ಕ್ಯಾಮೆರಾ ವಿಷಯ ಕೇಳ್ತಾ ಇರ್ತಾರೆ, ಬೇಗ ಹೇಳ್ತೇನೆ: 200 ಜಂಪ್ ಆಗುವ ಮೊದ್ಲು ಹೆಲ್ಮೆಟ್‌ಗೆ ಕ್ಯಾಮೆರಾ ಬೇಡ ಅಂತ ಯುಎಸ್‌ಪಿಎ ಹೇಳ್ತದೆ, ನಾನೂ ಅದನ್ನೇ ಹೇಳುದು. ಮನಸ್ಸು ವಿಡಿಯೋದಲ್ಲಿ ಇರ್ತದೆ, ಎತ್ತರದಲ್ಲಿ ಇರುದಿಲ್ಲ.

[ಕಾಗದದಲ್ಲಿ ಪ್ಯಾರಾಚೂಟ್ ಬಿಡಿಸಿ ತೋರಿಸುದು]

ಈಗ ನಂಗೆ ತುಂಬಾ ಮುಖ್ಯ ಅನಿಸುದು ಇದು, ದಯವಿಟ್ಟು ಸ್ಕಿಪ್ ಮಾಡ್ಬೇಡಿ. ಎಲ್ಲರೂ ಹೆದರುದು ಪ್ಯಾರಾಚೂಟ್ ತೆರೆಯದಿದ್ರೆ ಅಂತ. ಅಮೆರಿಕದಲ್ಲಿ 2023ರಲ್ಲಿ ಸುಮಾರು 36.5 ಲಕ್ಷ ಜಂಪ್ ಆಗಿ 10 ಜನ ತೀರಿಕೊಂಡ್ರು. ಇಷ್ಟು ವರ್ಷಗಳ ಅಪಘಾತಗಳನ್ನು ನೋಡಿದ್ರೆ ಎಷ್ಟೋ ಜನ ತೀರಿಕೊಂಡದ್ದು ಪೂರಾ ತೆರೆದ, ಒಳ್ಳೇ ಸ್ಥಿತಿಯ ಪ್ಯಾರಾಚೂಟ್ ಕೆಳಗೆ, ಇಳಿಯುವ ಹೊತ್ತಲ್ಲಿ. ನೆಲದ ಹತ್ರ ಒಂದು ಬದಿ ಜೋರು ಎಳೆದು ತಿರುಗಿಸಿದ್ರೆ ಪ್ಯಾರಾಚೂಟ್ ತಲೆ ಮೇಲಿಂದ ಬದಿಗೆ ಹೋಗಿ ಕೆಳಕ್ಕೆ ಧುಮುಕ್ತದೆ, ವೇಗ ಏರ್ತದೆ, ಅದು ಮತ್ತೆ ತಲೆ ಮೇಲೆ ಬರ್ಲಿಕ್ಕೆ ಎತ್ತರ ಬೇಕು. ನೂರು ಅಡಿಯಲ್ಲಿ ಆ ಎತ್ತರ ಎಲ್ಲಿಂದ ತರುದು? ಅನುಭವ ಇರುವವ್ರು ಹುಲ್ಲಿಗೆ ತಾಗುವ ಹಾಗೆ ವೇಗವಾಗಿ ಜಾರ್ತಾ ಬಂದು ಇಳಿಯುದನ್ನು ನೋಡಿ ಹೊಸಬರಿಗೆ ಆಸೆ ಆಗ್ತದೆ, ನಂಗೂ ಆಗಿತ್ತು. ಅದು ನೂರಾರು ಜಂಪ್‌ನ ಪ್ರತ್ಯೇಕ ಕಲಿಕೆ.

ಹಾಗಂತ ಪ್ಯಾರಾಚೂಟ್ ಕೆಳಗೆ ಆಟ ಇಲ್ವಾ? ಉಂಟು, ಮೇಲೆ. ಹಾಪ್ ಆಂಡ್ ಪಾಪ್ ಅಂತ ಉಂಟು, ಐದು ಸಾವಿರ ಚಿಲ್ಲರೆ ಅಡಿಯಲ್ಲಿ ಹಾರಿ ಕೂಡ್ಲೇ ತೆರೆಯುದು. ಆಮೇಲೆ 2,500 ಅಡಿ ಬರುವವರೆಗೆ ಪ್ಯಾರಾಚೂಟ್ ಜೊತೆ ಬೇಕಾದ ಹಾಗೆ ಆಡಬಹುದು, ಚಪ್ಪಟೆ ತಿರುವು, ಹಿಂದಿನ ರೈಸರ್, ಅಂದ್ರೆ ಭುಜದಿಂದ ಪ್ಯಾರಾಚೂಟಿನ ಹಗ್ಗಗಳಿಗೆ ಹೋಗುವ ಪಟ್ಟಿ ಹಿಡಿದು ತಿರುಗಿಸುದು, ಬ್ರೇಕ್ ಪೂರಾ ಎಳೆದ್ರೆ ಎಲ್ಲಿ ಸ್ಟಾಲ್ ಆಗ್ತದೆ, ಅಂದ್ರೆ ಪ್ಯಾರಾಚೂಟ್ ಹಾರುದು ನಿಂತು ಕುಸೀತದೆ ಅಂತ ನೋಡುದು. ನನ್ನ ಲೆಕ್ಕದಲ್ಲಿ ಹೊಸಬರಿಗೆ ಇದಕ್ಕಿಂತ ಒಳ್ಳೇ ಜಂಪ್ ಇಲ್ಲ. ಇದನ್ನು ಕೇಳಿ ಮಾಡುವವ್ರು ಕಡಿಮೆ, ಎಲ್ಲರಿಗೂ ಫ್ರೀಫಾಲೇ, ಅಂದ್ರೆ ತೆರೆಯದೆ ಬೀಳುದೇ ಬೇಕು, ನಂಗೆ ಅದು ಬೇಜಾರು.

ಊರಲ್ಲಿ ಕೂತ ನಮ್ಮಂಥವ್ರಿಗೆ ಇನ್ನೊಂದು ಕಷ್ಟ ಉಂಟು. ಎ ಲೈಸೆನ್ಸಿನವ್ರು 60 ದಿನ ಹಾರದಿದ್ರೆ ಮತ್ತೆ ಇನ್‌ಸ್ಟ್ರಕ್ಟರ್ ಜೊತೆ ರಿಫ್ರೆಶರ್ ಮಾಡ್ಬೇಕು ಅಂತ ಉಂಟು. ಉಡುಪಿಯಲ್ಲಿ ಕೂತು 60 ದಿನಕ್ಕೊಂದು ಸಲ ಹಾರುದು ಎಲ್ಲಿ ಸಾಧ್ಯ, ಹರಿಯಾಣದ ನಾರ್ನೌಲಿಗೆ ಹೋಗ್ಬೇಕು, ಇಲ್ಲ ವಿದೇಶಕ್ಕೆ. ಹಾಗಾಗಿ ಪ್ರತಿ ಸಲವೂ ನಾವು ಅರ್ಧ ಹೊಸಬರೇ. ನಾನು ಮನೆಯಲ್ಲಿ ವಾರಕ್ಕೆ ಮೂರು ದಿನ ಮಾಡುದು ಹೀಗೆ: ಮಂಚದಲ್ಲಿ ಹೊಟ್ಟೆ ಮೇಲೆ ಮಲಗಿ ಆರ್ಚ್, ಅಂದ್ರೆ ಆ ಬಿಲ್ಲಿನ ಹಾಗೆ ಬಾಗುದು, ಆಮೇಲೆ ನಿಂತು ಎಮರ್ಜೆನ್ಸಿ. ಬಲಗಡೆ ಕಟ್‌ಅವೇ ಹ್ಯಾಂಡಲ್, ಅಂದ್ರೆ ಕೆಟ್ಟ ದೊಡ್ಡ ಪ್ಯಾರಾಚೂಟನ್ನು ಕಳಚಿ ಬಿಡುವಂಥದ್ದು, ನೋಡು, ಹಿಡಿ, ಎಡಗಡೆ ರಿಸರ್ವ್ ಹ್ಯಾಂಡಲ್ ನೋಡು, ಬಲದ್ದು ಎಳೆ, ಎಡದ್ದು ಎಳೆ. ಅಮ್ಮ ಈಗ ತೆಂಗಿನಕಾಯಿ ತುರೀತಾ ತುರೀತಾ ಇದ್ದಕ್ಕಿದ್ದ ಹಾಗೆ "ತೆರಿಲಿಲ್ಲ!" ಅಂತ ಕೂಗ್ತಾರೆ, ನಾನು ಅಡುಗೆಮನೆ ಬಾಗಿಲಲ್ಲೇ ಮಾಡಿ ತೋರಿಸ್ಬೇಕು. ಅವ್ರಿಗೂ ಧೈರ್ಯ, ನಂಗೂ ಪ್ರಾಕ್ಟೀಸು.

ಡಿಸೆಂಬರಿಗೆ ಚಿಕ್ಕಮ್ಮನ ಮಗನೂ ನಾನೂ ಒಟ್ಟಿಗೆ ಹೋಗುದು, ಹತ್ತು ಜಂಪಿಗೆ ದುಡ್ಡು ಕೂಡಿಸಿ ಇಟ್ಟಿದ್ದೇವೆ. ಮೊದಲ್ನೇದು ರಿಫ್ರೆಶರ್, ಎರಡು ಹಾಪ್ ಆಂಡ್ ಪಾಪ್, ನಾಲ್ಕು ಕೋಚ್ ಜೊತೆ, ಉಳಿದ ಮೂರು ಪೂರಾ ಅವ್ನಿಗೆ ಬಿಟ್ಟದ್ದು, ಎಂತ ಆಟ ಬೇಕೋ ಅವ್ನೇ ಹೇಳ್ಲಿ, ನಾನು ಹಿಂದೆ ಹೋಗ್ತೇನೆ. ಎತ್ತರ ಮಾತ್ರ ಈಗ್ಲೇ ಬರೆದು ಫ್ರಿಜ್ಜಿಗೆ ಅಂಟಿಸಿ ಆಗಿದೆ, 5,500.

[ಕ್ಯಾಮೆರಾ ಬೋಟಿನ ಬಾವುಟಗಳ ಕಡೆ]

ಹೋಗುವ ಮೊದ್ಲು ಒಂದು. ಪ್ಯಾರಾಚೂಟ್ ಆದಷ್ಟು ಗಾಳಿಗೆ ಮುಖ ಮಾಡಿ ಇಳಿಸ್ಬೇಕು, ಆಗ ನೆಲದ ಮೇಲಿನ ವೇಗ ಕಡಿಮೆ ಆಗ್ತದೆ. ನಾನು ಮಾತು ಶುರು ಮಾಡುವಾಗ ಗಾಳಿ ನೆಲದ ಕಡೆಯಿಂದ ಸಮುದ್ರಕ್ಕೆ ಹೋಗ್ತಾ ಇತ್ತು, ಬಾವುಟದ ತುದಿ ಪಡುವಣಕ್ಕೆ, ಅಂದ್ರೆ ಮೂಡು ದಿಕ್ಕಿಗೆ ಮುಖ ಮಾಡಿ ಇಳಿಯುದು. ಈಗ ಇದೇ ಬೋಟಿನ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಮತ್ತೆ ಕ್ಯಾಮೆರಾ ಇಡ್ತೇನೆ, ನೋಡಿ.

[ಮಧ್ಯಾಹ್ನ. ಅದೇ ಬೋಟು, ಅದೇ ಬಾವುಟ, ತುದಿ ಊರಿನ ಕಡೆಗೆ.]

ಹೇಳಿ ನೋಡುವ, ಈಗ ನೀವು ಯಾವ ಕಡೆ ಮುಖ ಮಾಡಿ ಇಳಿತೀರಿ?