ಇಟಲಿಯ ಸರೋವರದ ಊರುಗಳಿಗೆ ಸಣ್ಣ ಗುಂಪಿನಲ್ಲಿ

ಕೇಳುಗರೆಲ್ಲರಿಗೂ ನಮಸ್ಕಾರ. ಇಟಲಿಯ ಉತ್ತರದಲ್ಲಿ ಸರೋವರಗಳ ದಡದಲ್ಲಿ ಚಿಕ್ಕ ಚಿಕ್ಕ ಊರುಗಳಿವೆ. ಗೈಡ್ ಜೊತೆ, ಸಣ್ಣ ಗುಂಪಿನಲ್ಲಿ ಅವನ್ನು ನೋಡಿ ಬರುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ಇಂಥ ಗುಂಪುಗಳನ್ನು ಬೆಂಗಳೂರಿನಿಂದ ಕರೆದುಕೊಂಡು ಹೋಗುವುದೇ ನನ್ನ ಕೆಲಸ. ನಾನು ಹೇಳಬೇಕಾದ ಮಾತು ಒಂದೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೂ ಹೇಳುತ್ತಿರುತ್ತೇನೆ. ಕಡಿಮೆ ಜನ, ಜಾಸ್ತಿ ರಾತ್ರಿ. ಗುಂಪಿನಲ್ಲಿ ಜನ ಕಡಿಮೆ ಇರಲಿ. ಒಂದೇ ಊರಿನಲ್ಲಿ ಕಳೆಯುವ ರಾತ್ರಿಗಳು ಜಾಸ್ತಿ ಇರಲಿ.

ನೀವು ಯಾರು ಅಂತ ನನಗೆ ಒಂದು ಅಂದಾಜಿದೆ. ಮಕ್ಕಳ ಓದು ಮುಗಿದಿದೆ. ನಿವೃತ್ತಿ ಆಗಿದೆ, ಇಲ್ಲವೇ ಹತ್ತಿರ ಬಂದಿದೆ. ಮೊಣಕಾಲು ಇನ್ನೂ ಗಟ್ಟಿ ಇರುವಾಗಲೇ ಯುರೋಪ್ ನೋಡಿ ಬರೋಣ ಅಂತ ಮನೆಯಲ್ಲಿ ಮಾತು ನಡೆದಿದೆ. ಕೈಗೊಂದು ಬಣ್ಣದ ಕಾಗದ ಬಂದಿದೆ, ಅದರಲ್ಲಿ ಹತ್ತು ದಿನಕ್ಕೆ ಏಳು ದೇಶ. ಇಟಲಿಯ ಸರೋವರಕ್ಕೆ ಅದರಲ್ಲಿ ಸಿಗುವುದು ಒಂದು ಮಧ್ಯಾಹ್ನ. ಬಸ್ಸು ದಡದಲ್ಲಿ ನಿಲ್ಲುತ್ತದೆ. ಎಲ್ಲರೂ ಇಳಿದು ಫೋಟೊ ತೆಗೆಯುತ್ತಾರೆ, ಶೌಚಾಲಯ ಹುಡುಕುತ್ತಾರೆ, ಮತ್ತೆ ಬಸ್ಸು ಹತ್ತುತ್ತಾರೆ. ದಯವಿಟ್ಟು ಹೀಗೆ ಹೋಗಬೇಡಿ. ಅಷ್ಟು ದುಡ್ಡು ಕೊಟ್ಟು ಅಷ್ಟು ದೂರ ಹೋಗಿ ಬಸ್ಸಿನ ಕಿಟಕಿ ನೋಡಿ ಬರಬೇಕೇ?

ಕೋಮೊ ಸರೋವರವನ್ನೇ ತೆಗೆದುಕೊಳ್ಳೋಣ. ಮಿಲಾನ್ ನಗರದ ಉತ್ತರಕ್ಕೆ, ಆಲ್ಪ್ಸ್ ಬೆಟ್ಟಗಳ ಬುಡದಲ್ಲಿದೆ. ಹಿಂದೆ ಹಿಮನದಿ ಕೊರೆದು ಹೋದ ಕಣಿವೆಯಲ್ಲಿ ನೀರು ತುಂಬಿದೆ. ಹಾಗಾಗಿ ಆಳ 400 ಮೀಟರಿಗೂ ಜಾಸ್ತಿ. ಆಕಾರ ಹೇಗೆ ಅಂದರೆ, ಕವೆಗೋಲನ್ನು ತಲೆಕೆಳಗೆ ಹಿಡಿದ ಹಾಗೆ. ಉತ್ತರಕ್ಕೆ ಒಂದು ತೋಳು, ದಕ್ಷಿಣಕ್ಕೆ ಎರಡು. ದಕ್ಷಿಣದ ಒಂದು ತುದಿಯಲ್ಲಿ ಕೋಮೊ ಪಟ್ಟಣ, ಇನ್ನೊಂದರಲ್ಲಿ ಲೆಕ್ಕೊ. ಕವಲು ಒಡೆಯುವ ಜಾಗದಲ್ಲಿ ಬೆಲ್ಲಾಜೊ. ಅಲ್ಲಿಂದ ನೋಡಿದರೆ ಪೂರ್ವದ ದಡದಲ್ಲಿ ವರೆನ್ನಾ, ಪಶ್ಚಿಮದ ದಡದಲ್ಲಿ ಮೆನಾಜೊ. ಈ ಮೂರೂ ಊರುಗಳ ನಡುವೆ ದಿನವಿಡೀ ದೋಣಿಗಳು ಓಡಾಡುತ್ತವೆ. ವರೆನ್ನಾದಿಂದ ಬೆಲ್ಲಾಜೊಗೆ ಬರೀ ಕಾಲು ಗಂಟೆ. ಊರಿನವರೂ ಹತ್ತುವ ಸಾರ್ವಜನಿಕ ದೋಣಿ ಇದು. ಪ್ರತ್ಯೇಕ ದೋಣಿ ಬಾಡಿಗೆ ಹಿಡಿಯುವ ಅಗತ್ಯವೇ ಇಲ್ಲ.

ವರೆನ್ನಾ ಸಾವಿರ ಜನವೂ ಇಲ್ಲದ ಊರು. ಮಿಲಾನಿನಿಂದ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮಿಲಾನಿನಿಂದ ಒಂದು ದಿನಕ್ಕೆ ಬಂದವರೆಲ್ಲ ಆ ಹೊತ್ತಿನಲ್ಲಿ ಅಲ್ಲೇ ಇರುತ್ತಾರೆ. ಅವರು ಸಂಜೆಯ ರೈಲು ಹತ್ತಿದ ಮೇಲೆ ನೋಡಬೇಕು. ಊರಿನ ಹಿರಿಯರು ಒಬ್ಬೊಬ್ಬರೇ ದಡದ ಬೆಂಚಿಗೆ ಬಂದು ಕೂರುತ್ತಾರೆ. ಮಕ್ಕಳು ಚರ್ಚಿನ ಮುಂದೆ ಚೆಂಡಾಡುತ್ತವೆ. ಜೂನ್ ತಿಂಗಳಾದರೆ ರಾತ್ರಿ ಒಂಬತ್ತರವರೆಗೂ ಬೆಳಕು. ಬೆಳಗಿನ ಜಾವ ಉತ್ತರದಿಂದ ಒಂದು ಗಾಳಿ ಬೀಸುತ್ತದೆ, ಅದಕ್ಕೆ ತೀವಾನೊ ಅನ್ನುತ್ತಾರೆ. ಮಧ್ಯಾಹ್ನ ದಕ್ಷಿಣದಿಂದ ಇನ್ನೊಂದು, ಅದು ಬ್ರೇವಾ. ಅಲ್ಲಿಯ ಮೀನುಗಾರರು ಈ ಎರಡು ಗಾಳಿಯನ್ನು ನಂಬಿ ಬದುಕಿದವರು. ಇದೆಲ್ಲ ಸಿಗುವುದು ಅಲ್ಲೇ ಮಲಗಿ ಎದ್ದವರಿಗೆ ಮಾತ್ರ. ಅದಕ್ಕೇ ಜಾಸ್ತಿ ರಾತ್ರಿ ಅನ್ನುವುದು. ಕನಿಷ್ಠ ನಾಲ್ಕು ರಾತ್ರಿ, ಒಂದೇ ಊರು, ಒಂದೇ ಹೋಟೆಲು.

ಇನ್ನು ಕಡಿಮೆ ಜನ ಯಾಕೆ? ಒಂದು ಘಟನೆ ಹೇಳುತ್ತೇನೆ.

ಕೋಮೊ ಪಟ್ಟಣ ರೇಷ್ಮೆಗೆ ಹೆಸರುವಾಸಿ. ಯುರೋಪಿನ ದೊಡ್ಡ ಫ್ಯಾಶನ್ ಕಂಪನಿಗಳ ಸ್ಕಾರ್ಫು, ಟೈಗಳ ಬಟ್ಟೆಗೆ ಇಲ್ಲೇ ಬಣ್ಣ, ಇಲ್ಲೇ ಅಚ್ಚು. ಒಂದು ಕಾಲದಲ್ಲಿ ಸುತ್ತಲಿನ ಹಳ್ಳಿಗಳಲ್ಲೇ ಹಿಪ್ಪುನೇರಳೆ ಬೆಳೆದು ಹುಳ ಸಾಕುತ್ತಿದ್ದರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅದು ಕ್ರಮೇಣ ನಿಂತುಹೋಯಿತು. ಈಗ ನೂಲು ಹೆಚ್ಚಾಗಿ ಚೀನಾದಿಂದ ಬರುತ್ತದೆ. ಹಳೆಯ ಯಂತ್ರಗಳನ್ನೆಲ್ಲ ಊರಿನ ರೇಷ್ಮೆ ಮ್ಯೂಸಿಯಂನಲ್ಲಿ ಜೋಪಾನ ಮಾಡಿಟ್ಟಿದ್ದಾರೆ.

ನಮ್ಮ ಒಂದು ಗುಂಪಿನಲ್ಲಿ ಶಿಡ್ಲಘಟ್ಟದ ಕಡೆಯ ಒಬ್ಬ ಅಮ್ಮ ಇದ್ದರು. ಮಗಳು ಜರ್ಮನಿಯಲ್ಲಿದ್ದಾಳೆ, ಅವಳೇ ಒತ್ತಾಯ ಮಾಡಿ ಕಳಿಸಿದ್ದಳು. ಮೊದಲು ಈ ಅಮ್ಮ ಮಾತೇ ಆಡುತ್ತಿರಲಿಲ್ಲ. ಅರಮನೆಯಂಥ ಮನೆ ತೋರಿಸಿದರೂ ಸುಮ್ನೆ ತಲೆಯಾಡಿಸುವರು, ಹೂತೋಟ ತೋರಿಸಿದರೂ ಸುಮ್ನೆ ತಲೆಯಾಡಿಸುವರು. ಮ್ಯೂಸಿಯಂಗೆ ಹೋದೆವು. ನೂಲು ಬಿಚ್ಚುವ ಬಾಣಲೆಯ ಮುಂದೆ ನಿಂತು ಅಲ್ಲಿಯ ಗೈಡ್ ಹುಡುಗಿ ವಿವರಿಸುತ್ತಿದ್ದಳು. ಗೂಡನ್ನು ಬಿಸಿ ನೀರಿಗೆ ಹಾಕುತ್ತಾರೆ, ಅಂಟು ಬಿಡುತ್ತದೆ, ಆಗ ಎಳೆಯ ತುದಿ ಸಿಗುತ್ತದೆ ಅಂತ. ಹಿಂದೆ ನಿಂತಿದ್ದ ಅಮ್ಮ ಎಲ್ಲರನ್ನೂ ಸರಿಸಿ ಮುಂದೆ ಬಂದರು. "ಒಂದು ನೂಲಿಗೆ ಎಷ್ಟು ಗೂಡಿನ ಎಳೆ ಸೇರಿಸ್ತಿದ್ರು, ಒಸಿ ಕೇಳಮ್ಮ" ಅಂದರು ನನಗೆ. ಕೇಳಿ ಹೇಳಿದೆ. "ಹೂಂ, ನಮ್ಮಲ್ಲೂ ಅಷ್ಟೇ, ಎಂಟೋ ಹತ್ತೋ" ಅಂದರು. ಅವರ ಮನೆಯಲ್ಲಿ ತಲೆಮಾರಿನಿಂದ ನೂಲು ಬಿಚ್ಚುವ ಕೆಲಸವಂತೆ!

ಗೈಡ್ ಒಂದು ಬಿಡಿ ಗೂಡು ತಂದು ಅವರ ಕೈಗೆ ಕೊಟ್ಟಳು. ಅಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಬೆರಳಲ್ಲಿ ಒತ್ತಿ ನೋಡಿದರು. "ಇದು ಜೋಡಿ ಗೂಡು. ಎರಡು ಹುಳ ಸೇರಿ ಕಟ್ಟಿರೋದು. ಇದರಲ್ಲಿ ಎಳೆ ಸಲೀಸಾಗಿ ಬರಲ್ಲ, ತೊಡಕಾಗುತ್ತೆ" ಅಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಆ ಹುಡುಗಿ ಒಳಗೆ ಓಡಿಹೋಗಿ ಒಬ್ಬ ಹಿರಿಯರನ್ನು ಕರೆದುಕೊಂಡು ಬಂದಳು. ರೇಷ್ಮೆ ಗಿರಣಿಯಲ್ಲಿ ದುಡಿದು ನಿವೃತ್ತರಾದವರು. ಅವರ ತಾಯಿ ಚಿಕ್ಕ ವಯಸ್ಸಿನಲ್ಲೇ ಬಾಣಲೆಯ ಮುಂದೆ ಕೂತವರಂತೆ. ಈ ಅಮ್ಮ ತಮ್ಮ ಬೆರಳುಗಳನ್ನು ಮುಂದೆ ಚಾಚಿ ತೋರಿಸಿದರು. ವರ್ಷಗಟ್ಟಲೆ ಬಿಸಿ ನೀರಿನಲ್ಲಿ ಆಡಿದ ಬೆರಳು. ಆ ಹಿರಿಯರು ಆ ಬೆರಳುಗಳನ್ನು ಹಿಡಿದುಕೊಂಡು ತುಂಬ ಹೊತ್ತು ಏನೂ ಹೇಳಲಿಲ್ಲ.

ಆಮೇಲೆ ಇಬ್ಬರಿಗೂ ಮಾತು ಮುಗಿಯಲೇ ಇಲ್ಲ. ಇವರು ಕನ್ನಡದಲ್ಲಿ, ಅವರು ಇಟಾಲಿಯನ್‌ನಲ್ಲಿ, ನಡುವೆ ನಾನು ಮತ್ತು ಗೈಡ್. ಗೂಡು ಕಟ್ಟಲು ಹಣ್ಣಾದ ಹುಳವನ್ನು ಚಂದ್ರಿಕೆಗೆ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡುವ ದಿನ ಮನೆಯಲ್ಲಿ ಯಾರಿಗೂ ನಿದ್ದೆ ಇರುತ್ತಿರಲಿಲ್ಲ ಅಂತ ಇವರು ಹೇಳಿದರು. ನಾವು ಒಣ ಕಡ್ಡಿಗಳ ಕಂತೆ ನಿಲ್ಲಿಸಿ ಅದರ ಮೇಲೆ ಹುಳ ಹತ್ತಿಸುತ್ತಿದ್ದೆವು ಅಂತ ಅವರು ಕೈಯಲ್ಲೇ ಮಾಡಿ ತೋರಿಸಿದರು. ಮನೆಯಲ್ಲಿ ಬೆಚ್ಚಗಿನ ಕೋಣೆ ಹುಳಕ್ಕೆ, ಚಳಿ ಕೋಣೆ ನಮಗೆ ಅಂದರು. ಇವರು ಜೋರಾಗಿ ನಕ್ಕರು. ನಾವು ಹಿಡಿಯಬೇಕಿದ್ದ ದೋಣಿ ಹೊರಟುಹೋಯಿತು. ಗುಂಪಿನಲ್ಲಿ ಒಬ್ಬರೂ ಬೇಜಾರು ಮಾಡಿಕೊಳ್ಳಲಿಲ್ಲ. ನಾವಿದ್ದದ್ದು ಒಂದು ಮೇಜಿನ ಸುತ್ತ ಕೂರುವಷ್ಟು ಜನ, ಮುಂದಿನ ದೋಣಿಗೆ ಹೋದರಾಯಿತು ಅಂದರು. ಹೊರಗೆ 45 ಜನರ ಬಸ್ಸು ಕಾಯುತ್ತಿದ್ದರೆ ಇದು ಆಗುತ್ತಿತ್ತೇ? ಆ ಅಮ್ಮ ಮುಂದೆ ಬರುತ್ತಲೇ ಇರಲಿಲ್ಲ. ಕಡಿಮೆ ಜನ ಇರಲಿ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಸಮಯ ಕಡಿಮೆ ಉಳಿದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಪ್ರವಾಸದ ಕಂಪನಿಯವರನ್ನು ಎರಡು ಪ್ರಶ್ನೆ ಕೇಳಿ. ಗುಂಪಿನಲ್ಲಿ ಹೆಚ್ಚೆಂದರೆ ಎಷ್ಟು ಜನ? ಒಂದು ಊರಿನಲ್ಲಿ ಎಷ್ಟು ರಾತ್ರಿ? ಹದಿನಾಲ್ಕಕ್ಕಿಂತ ಜಾಸ್ತಿ ಜನ ಅಂದರೆ ಅದು ಸಣ್ಣ ಗುಂಪಲ್ಲ. ಹೋಟೆಲು ಯಾವ ಊರಿನಲ್ಲಿ ಅನ್ನುವುದನ್ನೂ ಬರೆಸಿಕೊಳ್ಳಿ. ಕೋಮೊ ಸರೋವರ ಅಂತ ಹೇಳಿ ಮಿಲಾನಿನ ಹೊರವಲಯದಲ್ಲಿ ಮಲಗಿಸುವವರೂ ಇದ್ದಾರೆ.

ಗಾರ್ಡಾ, ಮಜ್ಜೋರೆ ಸರೋವರಗಳು ಬೇಡವೇ ಅಂತ ಕೇಳುತ್ತೀರಿ. ಗಾರ್ಡಾ ಇಟಲಿಯ ಅತಿ ದೊಡ್ಡ ಸರೋವರ. ಮಜ್ಜೋರೆಯ ಈಸೊಲಾ ಬೆಲ್ಲಾ ದ್ವೀಪದಲ್ಲಿ ಬಿಳಿ ನವಿಲುಗಳಿವೆ. ಎರಡೂ ಚೆಂದ. ಆದರೆ ಇನ್ನೊಂದು ಸಲ ಹೋಗಿ. ಮೂರನ್ನೂ ಒಂದೇ ಪ್ರವಾಸಕ್ಕೆ ತುರುಕಬೇಡಿ.

ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ, ಇಲ್ಲವೇ ಸೆಪ್ಟೆಂಬರಿನಲ್ಲಿ ಹೋಗಿ. ಆಗಸ್ಟ್‌ನಲ್ಲಿ ಇಟಲಿಯವರೆಲ್ಲ ರಜೆಗೆ ಅಲ್ಲಿಗೇ ಬರುತ್ತಾರೆ. ಚಳಿಗಾಲದಲ್ಲಿ ಎಷ್ಟೋ ಹೋಟೆಲುಗಳು ಮುಚ್ಚಿರುತ್ತವೆ. ಷೆಂಗೆನ್ ವೀಸಾ, ಅಂದರೆ ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಬೇಕು. ಹೊರಡುವ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕೊನೆಯ ತಿಂಗಳಿಗೆ ಬಿಡಬೇಡಿ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ಲಂಡನ್ನಿನಲ್ಲಿರುವ ಮಗನ ಮನೆಗೆ ಹೋಗಿ ಅಲ್ಲಿಂದ ಇಟಲಿಗೆ ಹೋಗುತ್ತೇವೆ ಅನ್ನುವವರೇ, ಬ್ರಿಟನ್ ವೀಸಾ ಇಟಲಿಗೆ ನಡೆಯುವುದಿಲ್ಲ, ಎರಡೂ ಬೇಕು.

ಈ ಊರುಗಳ ಓಣಿಗಳೆಲ್ಲ ಕಲ್ಲಿನ ಮೆಟ್ಟಿಲು. ದೊಡ್ಡ ಸೂಟ್‌ಕೇಸ್ ಬೇಡ, ಹೊಸ ಚಪ್ಪಲಿಯೂ ಬೇಡ. ಚರ್ಚಿನ ಒಳಗೆ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಇರಬೇಕು.

ಸಸ್ಯಾಹಾರಿಗಳು ಒಂದು ಮಾತು ನೆನಪಿಡಿ. ರಿಸೊಟ್ಟೊ ನೋಡಲು ಬರೀ ಅನ್ನ, ಆದರೆ ಅದನ್ನು ಮಾಂಸದ ಸಾರಿನಲ್ಲಿ ಬೇಯಿಸಿರಬಹುದು. ಪರ್ಮೆಸಾನ್ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಬೇಡದವರು ಹಿಂದಿನ ದಿನವೇ ಗೈಡ್‌ಗೆ ತಿಳಿಸಿ. ತರಕಾರಿಯ ಸಾರಿನಲ್ಲಿ, ಚೀಸಿಲ್ಲದೆ ಬೇರೆ ಮಾಡಿಕೊಡುತ್ತಾರೆ, ಪ್ರೀತಿಯಿಂದಲೇ ಮಾಡಿಕೊಡುತ್ತಾರೆ. ಜನ ಕಡಿಮೆ ಇದ್ದರೆ. ನಮಸ್ಕಾರ.