ಕಿವಿಯಿಂದ ಓದುವವರಿಗೆ ಮೇಲ್ ಬರೆಯುವ ಕ್ರಮ

(ಶಿರಸಿಯಲ್ಲಿ ಸಹಕಾರಿ ಸಂಘ, ಪಂಚಾಯ್ತಿ ಹಾಗೂ ಶಾಲಾ ಕಚೇರಿಗಳ ಸಿಬ್ಬಂದಿಗಾಗಿ ಸಿದ್ಧಪಡಿಸಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕುಳಿತವರೆಲ್ಲ ದಿನಾ ಮೇಲ್ ಕಳಿಸುವವರು. ಹಾಗಾಗಿ ಓದುವವರ ಕಂಪ್ಯೂಟರಿಗೆ ಹೋಗುವ ಮೊದಲು ಕಳಿಸುವವರ ಮೇಜಿನಿಂದಲೇ ಶುರು ಮಾಡೋಣ. ಕಣ್ಣು ಕಾಣದವರಿಗೆ ಬೇಕಾದ ತಂತ್ರಾಂಶ ಇವತ್ತು ಪುಕ್ಕಟೆ ಸಿಗುತ್ತದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರನ್ನು (ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ) 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದರು. ಅವರೂ ಅಂಧರೇ. ಅದರೊಟ್ಟಿಗೇ ಬರುವ ಇಸ್ಪೀಕ್ ಧ್ವನಿಗೆ ಕನ್ನಡವೂ ಬರುತ್ತದೆ. ಇಷ್ಟೆಲ್ಲ ಇದ್ದೂ ಮೇಲ್ ಓದಲಾಗುತ್ತಿಲ್ಲ ಎಂದರೆ ತೊಡಕು ಹೆಚ್ಚಾಗಿ ಆ ಮೇಲ್‌ನ ಒಳಗೇ ಇರುತ್ತದೆ.

ಅಡಿಕೆ ಧಾರಣೆಯನ್ನೇ ತೆಗೆದುಕೊಳ್ಳಿ. ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ, ಅದರ ಫೋಟೋ ತೆಗೆದು ಮೇಲಿಗೆ ಅಂಟಿಸಿದರೆ ಕೇಳುವವರಿಗೆ ಸಿಗುವುದು 'ಗ್ರಾಫಿಕ್' ಎಂಬ ಒಂದು ಮಾತು ಮಾತ್ರ. ಸ್ಪೇಸ್ ಒತ್ತಿ ಒತ್ತಿ ಕಂಬಸಾಲು ಮಾಡಿದರೂ ಕಷ್ಟ ತಪ್ಪದು. ಸ್ಕ್ರೀನ್ ರೀಡರ್ ಸಾಲಿನ ಉದ್ದಕ್ಕೇ ಓದುತ್ತದೆ. ಮೊದಲು ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೇಗೋಟು ಎಂದು ಐದು ಹೆಸರು, ಆಮೇಲೆ ಐದು ಕನಿಷ್ಠ ದರ, ಆಮೇಲೆ ಐದು ಗರಿಷ್ಠ ದರ. ಎಂಟನೇ ಅಂಕಿ ಯಾವ ಅಡಿಕೆಯದು ಎಂದು ಕೇಳುವವರು ಬೆರಳು ಎಣಿಸಬೇಕು. ಒಂದು ಸಾಲಿಗೆ ಒಂದು ಬಗೆ ಬರೆಯಿರಿ: ಹೆಸರು, ಕನಿಷ್ಠ, ಗರಿಷ್ಠ, ಸರಾಸರಿ. ಬಗೆಗಳು ತುಂಬಾ ಇದ್ದರೆ ಎಕ್ಸೆಲ್‌ನ ಕೋಶಗಳನ್ನೇ ಕಾಪಿ ಮಾಡಿ ಅಂಟಿಸಿ, ನಿಜವಾದ ಟೇಬಲ್ ಬರುತ್ತದೆ. ಅದರೊಳಗೆ ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಲಿ ಒತ್ತಿ ಕೋಶದಿಂದ ಕೋಶಕ್ಕೆ ಹೋಗಬಹುದು. ಎರಡು ಮೂರು ಕೋಶ ಸೇರಿಸಿ ಒಂದು ಮಾಡುವ ಚಂದ ಮಾತ್ರ ಬೇಡ, ಅಲ್ಲಿ ಲೆಕ್ಕ ತಪ್ಪುತ್ತದೆ.

ಇನ್ನು ಕನ್ನಡದ್ದೇ ಆದ ತೊಂದರೆ. ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದೊಳಗೆ ಕನ್ನಡವೇ ಇರುವುದಿಲ್ಲ. ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕುತ್ತದೆ. ಕಣ್ಣಿಗೆ ವೇಷ ಕಾಣುತ್ತದೆ, ಸ್ಕ್ರೀನ್ ರೀಡರ್ ವೇಷದೊಳಗಿನವನನ್ನೇ ಓದುತ್ತದೆ. ಪರೀಕ್ಷೆ ಸುಲಭ: ಬರೆದದ್ದನ್ನು ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್ (ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಪದ್ಧತಿ), ರೋಮನ್ ಗೋಜಲು ಬಂದರೆ ಹಳೆಯದು. (ನೋಟ್‌ಪ್ಯಾಡಿನ ಫಾಂಟೇ ನುಡಿ ಆಗಿದ್ದರೆ ಈ ಪರೀಕ್ಷೆ ನಂಬಬೇಡಿ.) ಹೊಸ ನುಡಿಯಲ್ಲಿ ಯೂನಿಕೋಡ್ ಆಯ್ಕೆ ಇದೆ, ಅದನ್ನು ಒತ್ತಿದರಾಯಿತು, ಕೀಲಿಮಣೆ ಹೊಸದಾಗಿ ಕಲಿಯಬೇಕಿಲ್ಲ. ಹಳೆಯ ಕಡತಗಳಿಗೆ ಪರಿವರ್ತಕಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಒಮ್ಮೆ ಓದಿ ನೋಡಿ, ಎಡವಟ್ಟು ಹೆಚ್ಚಾಗಿ ಅಲ್ಲೇ.

ಯೂನಿಕೋಡಿನಲ್ಲೂ ಒಂದು ಕಳ್ಳ ತಪ್ಪಿದೆ. ಅನುಸ್ವಾರ ಮತ್ತು ಕನ್ನಡ ಅಂಕಿಯ ಸೊನ್ನೆ ನೋಡಲು ಒಂದೇ, ಸಂಕೇತ ಬೇರೆ. 'ಸಂಘ' ಬರೆಯುವಾಗ ಅಂಕಿಯ ಸೊನ್ನೆ ಹಾಕಿದರೆ ಕಣ್ಣಿಗೆ ತಪ್ಪು ಕಾಣದು, ಕಿವಿಗೆ ಮಾತ್ರ ಪದ ಮುರಿದು ನಡುವೆ ಸೊನ್ನೆ ಬರುತ್ತದೆ. ಶೀರ್ಷಿಕೆ ಅಗಲವಾಗಿ ಕಾಣಲಿ ಎಂದು ಅಕ್ಷರಗಳ ನಡುವೆ ಸ್ಪೇಸ್ ಕೊಡುವವರಿಗೂ ಇದೇ ಮಾತು. 'ಪ್ರಕಟಣೆ' ನಾಲ್ಕು ತುಂಡಾಗದಿರಲಿ.

ಸ್ಕ್ಯಾನ್ ಮಾಡಿದ ಸುತ್ತೋಲೆ ಬಗ್ಗೆ 'ಸಹಿ, ಸೀಲು ಬೇಕಲ್ಲ?' ಎಂದು ಕೇಳುತ್ತೀರಿ. ಬೇಕು, ಹಾಕಿ. ಅದರ ಜೊತೆಗೆ ಅದೇ ಪಠ್ಯವನ್ನು ಮೇಲ್‌ನ ಒಡಲಲ್ಲೂ ಅಂಟಿಸಿ. ಯೂನಿಕೋಡ್ ಕನ್ನಡದಲ್ಲಿ ಒಂದು ಸಂಕೇತಕ್ಕೆ 3 ಬೈಟ್. 2000 ಸಂಕೇತಗಳ ಸುತ್ತೋಲೆ ಸುಮಾರು 6 ಕಿಲೋಬೈಟ್. ಸ್ಕ್ಯಾನ್ ಆದರೆ ಮೆಗಾಬೈಟ್ ಲೆಕ್ಕ. ಮಳೆಗಾಲದಲ್ಲಿ ಸಿಗ್ನಲ್ಲೇ ಸಿಗದ ಜೋಯಿಡಾ, ಸಿದ್ದಾಪುರದ ಒಳ ಹಳ್ಳಿಗಳಲ್ಲಿ ಈ ಅಂತರ ಕಣ್ಣಿದ್ದವರಿಗೂ ಗೊತ್ತಾಗುತ್ತದೆ.

ಪಿಡಿಎಫ್ ಮಾಡಲೇಬೇಕಿದ್ದರೆ ವರ್ಡ್‌ನಲ್ಲಿ 'ಪ್ರಿಂಟ್' ಮೂಲಕ ಮಾಡಬೇಡಿ, ಶೀರ್ಷಿಕೆ, ಪಟ್ಟಿಗಳ ಗುರುತು ಅಳಿಸಿಹೋಗುತ್ತದೆ. 'ಸೇವ್ ಆ್ಯಸ್' ಮೂಲಕವೇ ಪಿಡಿಎಫ್ ಮಾಡಿ. ಆದರೂ ಕನ್ನಡ ಪಿಡಿಎಫ್‌ನಲ್ಲಿ ಒತ್ತಕ್ಷರ, ಕೊಂಬುಗಳು ಹಿಂದೆ ಮುಂದೆ ಆಗುವುದು ಸಾಮಾನ್ಯ. ವರ್ಡ್ ಕಡತವನ್ನೇ ಕಳಿಸುವುದು ಮೇಲು. ಕೈಗೆ ಬಂದದ್ದು ಸ್ಕ್ಯಾನ್ ಒಂದೇ ಆಗಿದ್ದರೆ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದಿಂದ ಕನ್ನಡ ಪಠ್ಯ ಹೊರಬರುತ್ತದೆ. ವಾರೆಯಾಗಿ ತೆಗೆದ ಫೋಟೋ, ಸೀಲು ಬಿದ್ದ ಸಾಲು ಕೆಡುತ್ತವೆ. ಮೊತ್ತ, ದಿನಾಂಕಗಳನ್ನು ಮೂಲದೊಂದಿಗೆ ತಾಳೆ ನೋಡದೆ ನಂಬಬಾರದು.

ಚಿಕ್ಕಪುಟ್ಟವು ಕೆಲವು. ವಿಷಯದ ಸಾಲಿನಲ್ಲಿ ಬರೀ 'ಸುತ್ತೋಲೆ' ಎಂದು ಬರೆದರೆ ಇನ್‌ಬಾಕ್ಸಿನಲ್ಲಿ ಇಪ್ಪತ್ತು ಸಲ 'ಸುತ್ತೋಲೆ' ಕೇಳಿಸುತ್ತದೆ. 'ಶನಿವಾರದ ವಾರ್ಷಿಕ ಸಭೆ ಮುಂದಕ್ಕೆ' ಎಂದರೆ ಮೇಲ್ ತೆರೆಯದೆಯೂ ಕೆಲಸ ಆಯಿತು. ದಿನಾಂಕಕ್ಕೆ ತಿಂಗಳ ಹೆಸರು ಬರೆಯಿರಿ. 'ಇಲ್ಲಿ ಒತ್ತಿ' ಎಂಬ ಲಿಂಕಿನ ಬದಲು 'ಬೆಳೆ ವಿಮೆ ಅರ್ಜಿ' ಎಂದಿರಲಿ, ಏಕೆಂದರೆ ಕೀಲಿ ಒತ್ತಿ ಲಿಂಕುಗಳನ್ನಷ್ಟೇ ಕೇಳುತ್ತಾ ಹೋಗುವವರಿಗೆ ಹತ್ತು 'ಇಲ್ಲಿ ಒತ್ತಿ' ಏನೂ ಹೇಳುವುದಿಲ್ಲ. ಇನ್ನು ಪ್ರತಿ ಉತ್ತರದ ಕೆಳಗೂ ಲೋಗೋ, ಗೌಪ್ಯತೆ ಎಚ್ಚರಿಕೆ, 'ಕಾಗದ ಉಳಿಸಿ' ಎಂಬ ಉಪದೇಶ; ಪಾಪ, ಇವನ್ನೆಲ್ಲ ಯಾರಾದರೂ ಕುಳಿತು ಕೇಳಬೇಕಲ್ಲ. ಎರಡು ಸಾಲು ಸಾಕು.

ಯಕ್ಷಗಾನದ ಕರಪತ್ರ ಚಿತ್ರವಾಗಿಯೇ ಇರಲಿ. ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್ (ಚಿತ್ರದ ಬದಲು ಓದಿ ಹೇಳುವ ವಿವರಣೆ) ಕೊಡಿ: ಔಟ್‌ಲುಕ್‌ನಲ್ಲಿ ಚಿತ್ರದ ಮೇಲೆ ಬಲ ಕ್ಲಿಕ್ ಮಾಡಿದರೆ ಆ ಆಯ್ಕೆ ಸಿಗುತ್ತದೆ. ಅಲ್ಲಿ ಒಂದು ಸಾಲು ಸಾಕು. ಪ್ರಸಂಗ, ಸ್ಥಳ, ಹೊತ್ತು, ಹಿಮ್ಮೇಳ, ಮುಮ್ಮೇಳದ ಹೆಸರುಗಳು ಮೇಲ್‌ನ ಒಡಲಿಗೆ ಬರಲಿ.

ಈಗ ಓದುವವರ ಕಡೆ. ಇಂಗ್ಲಿಷ್ ಧ್ವನಿ ಇಟ್ಟುಕೊಂಡು ಕನ್ನಡ ಮೇಲ್ ತೆರೆದರೆ ಸರಿಯಾಗಿ ಓದುವುದಿಲ್ಲ. ಎನ್‌ವಿಡಿಎ ಕೀಲಿ ಎಂದರೆ ಇನ್ಸರ್ಟ್. ಅದನ್ನೂ ಕಂಟ್ರೋಲನ್ನೂ ಹಿಡಿದು ವಿ ಒತ್ತಿದರೆ ಧ್ವನಿಯ ಸೆಟ್ಟಿಂಗ್, ಅಲ್ಲಿ ಕನ್ನಡ ಆರಿಸಿ. ಎರಡೂ ಭಾಷೆ ದಿನಾ ಬೇಕೆನ್ನುವವರು ಇನ್ಸರ್ಟ್, ಕಂಟ್ರೋಲ್, ಪಿ ಒತ್ತಿ ಎರಡು ಪ್ರೊಫೈಲ್ ಮಾಡಿಕೊಂಡರೆ ಅನುಕೂಲ. ಇಸ್ಪೀಕ್ ಧ್ವನಿ ಒರಟು, ಆದರೆ ಇಂಟರ್‌ನೆಟ್ ಬೇಡ. ಎಡ್ಜ್ ಬ್ರೌಸರಿನ ಸಪ್ನಾ, ಗಗನ್ ಎಂಬ ಕನ್ನಡ ಧ್ವನಿಗಳು ಇಂಪಾಗಿವೆ, ಅವಕ್ಕೆ ಸಂಪರ್ಕ ಬೇಕು. ಇನ್ಸರ್ಟ್ ಮತ್ತು ಕೆಳಬಾಣ ಒತ್ತಿದರೆ ಪೂರ್ತಿ ಓದುತ್ತದೆ, ಕಂಟ್ರೋಲ್ ಒತ್ತಿದರೆ ನಿಲ್ಲುತ್ತದೆ. ಗೆರೆ, ಚುಕ್ಕೆಗಳನ್ನೆಲ್ಲ ಹೇಳಿ ಕಿರಿಕಿರಿಯಾದರೆ ಇನ್ಸರ್ಟ್ ಹಿಡಿದು ಪಿ ಒತ್ತುತ್ತಾ ಚಿಹ್ನೆಯ ಮಟ್ಟ ಇಳಿಸಿ. ಥಂಡರ್‌ಬರ್ಡ್‌ನಲ್ಲಿ (ಇದೊಂದು ಮೇಲ್ ತಂತ್ರಾಂಶ) ವ್ಯೂ ಮೆನುವಿನ 'ಮೆಸೇಜ್ ಬಾಡಿ ಆ್ಯಸ್' ಒಳಗೆ 'ಪ್ಲೇನ್ ಟೆಕ್ಸ್ಟ್' ಆರಿಸಿದರೆ ಕಳಿಸಿದವರ ಬಣ್ಣ, ಫಾಂಟು, ಅಲಂಕಾರ ಎಲ್ಲ ಉದುರುತ್ತದೆ. ಜಿಮೇಲ್‌ನಲ್ಲಿ ಕಾನ್ವರ್ಸೇಶನ್ ವ್ಯೂ ತೆಗೆದುಬಿಡಿ, ಒಂದೊಂದು ಮೇಲೂ ಬೇರೆಯಾಗಿ ಸಿಗುತ್ತದೆ.

ಮಂದದೃಷ್ಟಿಯವರ ಅಗತ್ಯ ಬೇರೆ. ವಿಂಡೋಸ್ ಕೀಲಿ ಮತ್ತು ಪ್ಲಸ್ ಒತ್ತಿದರೆ ಮ್ಯಾಗ್ನಿಫೈಯರ್ ಬರುತ್ತದೆ, ವಿಂಡೋಸ್ ಕೀಲಿಯನ್ನೇ ಎಸ್ಕೇಪ್ ಜೊತೆಗೆ ಒತ್ತಿದರೆ ಹೋಗುತ್ತದೆ. ಅದು ತೆರೆದಿರುವಾಗ ಕಂಟ್ರೋಲ್, ಆಲ್ಟ್, ಐ ಒತ್ತಿದರೆ ಬಣ್ಣ ತಿರುಗಿ ಕಪ್ಪಿನ ಮೇಲೆ ಬಿಳಿ. ಸದಾ ದೊಡ್ಡ ಅಕ್ಷರ ಬೇಕಾದವರಿಗೆ ಸೆಟ್ಟಿಂಗ್ಸ್‌ನ ಟೆಕ್ಸ್ಟ್ ಸೈಜ್ 225 ಶೇಕಡಾವರೆಗೆ ಏರುತ್ತದೆ. ಚಿತ್ರದೊಳಗಿನ ಅಕ್ಷರ ಹಿಗ್ಗಿದಷ್ಟೂ ಮಸುಕು. ಕನ್ನಡದಲ್ಲಿ ಒತ್ತು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ಅಂತರ ಒಂದೂವರೆಯಷ್ಟು ಬೇಕು, ಇಲ್ಲವಾದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಬಣ್ಣಕ್ಕೂ ಅಳತೆಯಿದೆ: ಡಬ್ಲ್ಯುಸಿಎಜಿ ಎಂಬ, ಜಾಲತಾಣಗಳು ಎಲ್ಲರಿಗೂ ಓದಲಾಗುವಂತಿರಲು ಮಾಡಿದ ಮಾನದಂಡದಂತೆ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವ್ಯತ್ಯಾಸ ಇರಬೇಕು. ನಮ್ಮ ಕರಪತ್ರಗಳಿಗೆ ಪ್ರಿಯವಾದ ಅಚ್ಚ ಹಳದಿಯ ಮೇಲಿನ ಅಚ್ಚ ಕೆಂಪು ಸುಮಾರು 3.7:1. ದೊಡ್ಡ ತಲೆಬರಹಕ್ಕೆ ನಡೆಯುತ್ತದೆ, ಕೆಳಗಿನ ಸಣ್ಣಕ್ಷರದ ಫೋನ್ ನಂಬರಿಗೆ ನಡೆಯದು.

ಇಲ್ಲಿರುವ ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ ಹಾಕಿದೆ. ನಿಮ್ಮ ಕಚೇರಿಯಿಂದ ಈಚೆಗೆ ಹೋದ ಯಾವುದಾದರೂ ಮೇಲ್ ಇದ್ದರೆ ಕೊಡಿ, ಪರದೆ ಆಫ್ ಮಾಡಿ ಕೇಳೋಣ. ಪ್ರಶ್ನೆಗಳು ಅಲ್ಲಿಂದಲೇ ಹುಟ್ಟಲಿ.